ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ಮನೆ ವಿಮೆ: ದುಡ್ಡು ಕಡಿಮೆ, ಕ್ಲೇಮ್ ಭದ್ರ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಬೇಬಿ ಸಿಟ್ಟಿಂಗ್ ಎಂದರೆ ಹೆಚ್ಚಿನ ಕಡೆ ಯಾರದೋ ವಾಸದ ಮನೆಯೇ. ಮುಂದಿನ ಹಾಲ್, ಪಕ್ಕದ ಒಂದು ಕೋಣೆ, ಬೆಳಿಗ್ಗೆ ಎಂಟೂವರೆಗೆ ಬ್ಯಾಗು ಹಿಡಿದು ಬರುವ ಆರೆಂಟು ಮಕ್ಕಳು. ಇಂಥ ಮನೆಗೆ ವಿಮೆ ಮಾಡಿಸುವಾಗ ಎಲ್ಲರೂ ಮೊದಲು ಕೇಳುವುದು ಪ್ರೀಮಿಯಂ ಎಷ್ಟು ಎಂದು. ಮನೆ ವಿಮೆಯ ಪ್ರೀಮಿಯಂ ನಿಜಕ್ಕೂ ಸಣ್ಣ ಮೊತ್ತ. ಮೊದಲು ಕೇಳಬೇಕಾದದ್ದು ಬೇರೆ: ಇಲ್ಲಿ ಮಕ್ಕಳನ್ನು ಇಟ್ಟುಕೊಳ್ಳುತ್ತೇವೆ ಎಂಬುದು ಪಾಲಿಸಿ ಕಾಗದದಲ್ಲಿ ಬರೆದಿದೆಯೇ?

ಪಾಲಿಸಿ ಕೈಗೆ ಬಂದಾಗ ಮೊದಲ ಪುಟದಲ್ಲೇ ಒಂದು ಪಟ್ಟಿ ಇರುತ್ತದೆ. ಅದನ್ನು ಶೆಡ್ಯೂಲ್ ಎನ್ನುತ್ತಾರೆ. ಹೆಸರು, ವಿಳಾಸ, ವಿಮಾ ಮೊತ್ತ, ಅವಧಿ, ಅದರ ಜೊತೆಗೆ ‘ಆಕ್ಯುಪೆನ್ಸಿ’ ಎಂಬ ಒಂದು ಸಾಲು. ಕಟ್ಟಡವನ್ನು ಯಾವುದಕ್ಕೆ ಬಳಸುತ್ತಿದ್ದೀರಿ ಎನ್ನುವುದೇ ಆ ಸಾಲು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದಲ್ಲಿ ಪಾಲಿಸಿ ತೆಗೆದುಕೊಂಡವರ ಕಾಗದದಲ್ಲಿ ಅಲ್ಲಿ ‘ವಾಸದ ಮನೆ’ ಎಂದಷ್ಟೇ ಇರುತ್ತದೆ. ನಾಳೆ ಬೆಂಕಿ ಬಿದ್ದು, ನಷ್ಟ ಅಳೆಯುವ ವಿಮಾ ಸರ್ವೇಯರ್ ಬಂದರೆ ಅವರು ಸುಟ್ಟ ಭಾಗವನ್ನಷ್ಟೇ ನೋಡಿ ಹೋಗುವುದಿಲ್ಲ. ಗೇಟಿನ ಬೋರ್ಡು, ಗೋಡೆ ಮೇಲೆ ಬರೆಸಿದ ಆನೆ ಮೊಲದ ಚಿತ್ರ, ಸಾಲಾಗಿ ಜೋಡಿಸಿದ ಎಂಟು ಪುಟ್ಟ ಕುರ್ಚಿ, ಎಲ್ಲವೂ ಅವರ ಫೋಟೋದಲ್ಲಿ ಬರುತ್ತವೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಅಷ್ಟು ಸಾಕು. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಿ ಮನೆಯನ್ನೇ ಪಣಕ್ಕಿಟ್ಟ ಹಾಗಾಗುತ್ತದೆ.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಒಂದು ಇಮೇಲ್ ಕಳಿಸಿ. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹೀಗೆ ಬರೆದರೆ ಸಾಕು: ‘ಈ ಮನೆಯಲ್ಲಿ ನಾವು ಕುಟುಂಬ ಸಮೇತ ವಾಸವಿದ್ದೇವೆ. ನೆಲಮಹಡಿಯ ಹಾಲ್ ಮತ್ತು ಒಂದು ಕೋಣೆ, ಒಟ್ಟು ಸುಮಾರು 300 ಚದರಡಿಯಲ್ಲಿ, ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ ಸಂಜೆ 6ರ ತನಕ ಗರಿಷ್ಠ 8 ಮಕ್ಕಳನ್ನು ಶುಲ್ಕ ಪಡೆದು ನೋಡಿಕೊಳ್ಳುತ್ತೇವೆ. ಒಬ್ಬ ಸಹಾಯಕಿ ಇದ್ದಾರೆ. ರಾತ್ರಿ ಯಾವ ಮಗುವೂ ಉಳಿಯುವುದಿಲ್ಲ. ಈ ಬಳಕೆಗೆ ನಿಮ್ಮ ಒಪ್ಪಿಗೆಯನ್ನು ಪಾಲಿಸಿ ಶೆಡ್ಯೂಲ್‌ನಲ್ಲಿ ನಮೂದಿಸಿ.’ ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಪಾಲಿಸಿ ಬಂದ ದಿನವೇ ಆ ಸಾಲು ನೋಡಿ. ಬರೆಯದೇ ಇದ್ದರೆ ತಿದ್ದುಪಡಿ ಕೇಳಿ, ಅವರ ಭಾಷೆಯಲ್ಲಿ ಅದು ಎಂಡಾರ್ಸ್‌ಮೆಂಟ್. ಮುಂದೆ ಮಕ್ಕಳ ಸಂಖ್ಯೆ ಎಂಟರಿಂದ ಹನ್ನೆರಡಾದಾಗಲೂ ಅದೇ ದಾರಿ.

ಇನ್ನು ಯಾವ ಪಾಲಿಸಿ. ವಾಸದ ಮನೆಗಳಿಗೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಇದನ್ನು ರೂಪಿಸಿತು. ಮೂಲ ರಕ್ಷಣೆ ಎಲ್ಲ ಕಂಪನಿಯಲ್ಲೂ ಒಂದೇ ಆದ್ದರಿಂದ ಬೆಲೆ ಹೋಲಿಸುವುದು ಸುಲಭ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಭೂಕಂಪ, ಮರ ಬಿದ್ದು ಆದ ಹಾನಿ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆದ ಹಾನಿ ಇವೆಲ್ಲ ಒಳಗೇ ಇವೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಭೂಕುಸಿತ ಮತ್ತು ಸಿಲ್ವರ್ ಓಕ್ ಮರ ಮುರಿದು ಹೆಂಚಿನ ಮೇಲೆ ಬೀಳುವುದು ಪ್ರತಿ ಮಳೆಗಾಲದ ಭಯ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಕಳ್ಳತನ ಮಾತ್ರ ಹಾಗಲ್ಲ. ಬೆಂಕಿ, ನೆರೆಯಂಥ ಘಟನೆಯಿಂದಾಗಿ ಏಳು ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ ಇಲ್ಲಿ ರಕ್ಷಣೆ. ಬೀಗ ಒಡೆದು ಆಗುವ ಕಳ್ಳತನಕ್ಕೆ ಬೇರೆ ಸೇರಿಸಿಕೊಳ್ಳಬೇಕು.

ಮನೆಯಿಡೀ ಡೇ ಕೇರ್ ಆಗಿ, ನೀವು ಬೇರೆ ಕಡೆ ವಾಸವಿದ್ದರೆ ಗೃಹ ರಕ್ಷಾ ಕೇಳಲೇಬೇಡಿ. ಅದು ವ್ಯಾಪಾರದ ಜಾಗ. ಒಟ್ಟು ಆಸ್ತಿ 5 ಕೋಟಿ ರೂಪಾಯಿ ಒಳಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ, ಅದನ್ನು ಕೇಳಿ.

ದುಡ್ಡು ನಿಜವಾಗಿ ಉಳಿಯುವುದು ವಿಮಾ ಮೊತ್ತ ಸರಿಯಾಗಿ ಹಾಕುವುದರಲ್ಲಿ. ಸೈಟಿನ ಬೆಲೆ ಸೇರಿಸಿ ‘ಮನೆ ಅರವತ್ತು ಲಕ್ಷ ಬಾಳುತ್ತದೆ’ ಎಂದು ಅಷ್ಟಕ್ಕೂ ವಿಮೆ ಮಾಡಿಸುವವರಿದ್ದಾರೆ. ಬೆಂಕಿಗೆ ಸೈಟು ಸುಡುವುದಿಲ್ಲ. ಗೃಹ ರಕ್ಷಾದಲ್ಲಿ ಲೆಕ್ಕ ಹೀಗೆ: ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗಿನ ಅಳತೆ, ಗುಣಿಸು ಇವತ್ತು ಒಂದು ಚದರಡಿ ಕಟ್ಟಲು ಆಗುವ ಖರ್ಚು. 900 ಚದರಡಿ, ನಿಮ್ಮ ಮೇಸ್ತ್ರಿ ಹೇಳಿದ ದರ 1,800 ರೂಪಾಯಿ ಎಂದಿಟ್ಟುಕೊಂಡರೆ 16.2 ಲಕ್ಷ ರೂಪಾಯಿ. ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, 10 ಲಕ್ಷ ಮೀರದಂತೆ, ತಾನಾಗಿಯೇ ಸೇರುತ್ತದೆ. ಇಲ್ಲಿ ಅದು 3.24 ಲಕ್ಷ. ದರವನ್ನು ಸಾವಿರಕ್ಕೆ ಇಷ್ಟು ಪೈಸೆ ಎಂದು ಹೇಳುತ್ತಾರೆ. ಲೆಕ್ಕದ ಮಟ್ಟಿಗೆ ಸಾವಿರಕ್ಕೆ 30 ಪೈಸೆ ಎಂದುಕೊಳ್ಳಿ: 16.2 ಲಕ್ಷಕ್ಕೆ 486 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ 87, ಒಟ್ಟು 573. ನಿಮಗೆ ಬರುವ ದರ ಇದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು, ಲೆಕ್ಕದ ರೀತಿ ಮಾತ್ರ ಇದೇ. ಅರವತ್ತು ಲಕ್ಷ ಬರೆಸಿದ್ದರೆ ಅದೇ ದರದಲ್ಲಿ ಎರಡು ಸಾವಿರ ದಾಟುತ್ತಿತ್ತು, ಕ್ಲೇಮ್‌ನಲ್ಲಿ ಸಿಗುವುದು ಮಾತ್ರ ಕಟ್ಟುವ ಖರ್ಚೇ.

ಮನೆ ಸಾಲ ಇದ್ದವರು ಹಳೇ ಫೈಲ್ ತೆಗೆದು ನೋಡಿ. ಬ್ಯಾಂಕಿನವರು ಸಾಲದ ಜೊತೆ ಮಾಡಿಸಿದ ವಿಮೆ ಈಗಾಗಲೇ ಚಾಲ್ತಿಯಲ್ಲಿದ್ದರೆ ಇನ್ನೊಂದು ಕೊಳ್ಳುವುದು ದಂಡ. ಆದರೆ ಅದು ಸಾಲದ ಮೊತ್ತಕ್ಕಷ್ಟೇ ಇದೆಯೋ, ಸಾಮಾನು ಸೇರಿದೆಯೋ, ಅಲ್ಲೂ ‘ವಾಸದ ಮನೆ’ ಎಂದಷ್ಟೇ ಇದೆಯೋ ಎಂದು ಓದಬೇಕು. ಬಾಡಿಗೆ ಮನೆಯಲ್ಲಿದ್ದರೆ ಕಟ್ಟಡದ ವಿಮೆ ಮಾಲೀಕರದು, ನೀವು ಸಾಮಾನಿಗೆ ಮಾತ್ರ ಮಾಡಿಸಿದರೆ ಸಾಕು, ಇನ್ನೂ ಅಗ್ಗ. ಬಾಡಿಗೆ ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿದ್ದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅವರ ವಿಮೆಯೂ ನಿಮ್ಮ ಕೆಲಸದಿಂದ ಕೆಡಬಾರದು.

ಡೇ ಕೇರ್‌ನ ಸಾಮಾನು, ಅಂದರೆ ತೊಟ್ಟಿಲು, ಮ್ಯಾಟು, ಆಟದ ಸಾಮಾನು, ಸಿಸಿ ಕ್ಯಾಮೆರಾ, ಯುಪಿಎಸ್, ಇವು ಮನೆಯ ಸಾಮಾನೋ ವ್ಯಾಪಾರದ ಸಾಮಾನೋ ಎಂಬ ತಕರಾರು ಕ್ಲೇಮ್ ಸಮಯದಲ್ಲಿ ಎದ್ದೇಳುತ್ತದೆ. ಬೇರೆ ಪಟ್ಟಿ ಮಾಡಿ, ಬೆಲೆ ಬರೆದು, ವಿಮೆಯ ಅರ್ಜಿಯಾದ ಪ್ರಪೋಸಲ್ ಫಾರ್ಮಿನ ಜೊತೆಗೇ ಕೊಡಿ.

ಮಲೆನಾಡಿನಲ್ಲಿ ಕ್ಲೇಮ್ ಬಿದ್ದುಹೋಗುವ ಎರಡು ಸಂದರ್ಭ ಚೆನ್ನಾಗಿ ತಿಳಿದಿರಲಿ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗಿನ ಮಳೆ. ಎಲ್ಲೋ ಕಂಬಕ್ಕೆ ಸಿಡಿಲು ಬಡಿಯುತ್ತದೆ, ವೈರಿನಲ್ಲಿ ಕರೆಂಟು ಏರಿ ಟಿವಿ, ಫ್ರಿಡ್ಜಿನ ಬೋರ್ಡು ಸುಡುತ್ತದೆ. ಸಿಡಿಲಿಗೆ ರಕ್ಷಣೆ ಇದೆಯಲ್ಲ ಎಂದು ಕ್ಲೇಮ್ ಹಾಕಿದರೆ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟ್, ಅತಿಯಾದ ಕರೆಂಟಿನಿಂದ ಸುಟ್ಟ ಆ ಯಂತ್ರಕ್ಕೆ ಪಾಲಿಸಿಯಲ್ಲಿ ದುಡ್ಡಿಲ್ಲ. ಅದರಿಂದ ಬೆಂಕಿ ಹಬ್ಬಿ ಪರದೆ, ಮಂಚ, ಚಾವಣಿ ಸುಟ್ಟರೆ ಅವುಗಳಿಗೆ ಇದೆ. ಫ್ರಿಡ್ಜಿನಲ್ಲಿ ಮಕ್ಕಳ ಹಾಲು ಇಡುವ ಮನೆಗೆ ಯಂತ್ರ ಕೆಡುವುದಕ್ಕೆ ಬೇರೆ ರಕ್ಷಣೆ ಕೊಳ್ಳುವುದೋ, ಮೀಟರ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಅರ್ಥಿಂಗ್ ಸರಿಮಾಡಿಸುವುದೋ ಎಂದು ಬಂದರೆ ಎರಡನೆಯದೇ ಮೇಲು. ಜೊತೆಗೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಪ್ಲಗ್ಗಿಗೆ ಬೆರಳಿಡುವ ವಯಸ್ಸಿನ ಮಕ್ಕಳಿರುವ ಮನೆ ಅದು.

ಎರಡನೆಯದು ಜುಲೈ ಆಗಸ್ಟಿನ ಒದ್ದೆ ಗೋಡೆ. ವರ್ಷಗಟ್ಟಲೆ ಜಿನುಗಿ ಪಾಚಿ ಹಿಡಿದ ಗೋಡೆ ಒಂದು ದಿನ ಕುಸಿದರೆ ಅದು ಸವೆತ, ನಿರ್ವಹಣೆ ಇಲ್ಲದ್ದು ಎನ್ನುತ್ತಾರೆ. ಬಿರುಗಾಳಿ ಮಳೆಗೆ ಬಿತ್ತು ಎಂದು ತೋರಿಸುವ ಹೊಣೆ ನಿಮ್ಮದು. ಅದೇ ದಿನದ ಫೋಟೋ, ಗ್ರಾಮ ಆಡಳಿತಾಧಿಕಾರಿಯ ಮಹಜರು, ಮರುದಿನದ ಪತ್ರಿಕೆಯ ತುಂಡು, ಇವು ಮೂರೂ ಇದ್ದರೆ ಮಾತಿಗೆ ಬಲ. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ. ಅದಕ್ಕೇ ಸಣ್ಣ ಬೆಂಕಿಯನ್ನು ನೀವೇ ಆರಿಸಿದ್ದರೂ ಠಾಣೆಗೆ ತಿಳಿಸಿ.

ಈಗ ಅತಿ ಮುಖ್ಯವಾದದ್ದು. ಮೇಲೆ ಹೇಳಿದ ಯಾವುದೂ ಮಗುವಿಗೆ ಏಟಾದರೆ ಒಂದು ರೂಪಾಯಿ ಕೊಡುವುದಿಲ್ಲ. ಮನೆ ವಿಮೆ ಗೋಡೆಗೆ, ಸಾಮಾನಿಗೆ. ಮಗು ಮೆಟ್ಟಿಲಿನಿಂದ ಬಿದ್ದು ಕೈ ಮುರಿದು, ಪೋಷಕರು ನಿರ್ಲಕ್ಷ್ಯ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಅದು ಲಯಬಿಲಿಟಿ, ಹೊಣೆಗಾರಿಕೆಯ ಮಾತು. ಶುಲ್ಕ ಪಡೆದು ಕೊಡುವ ಸೇವೆ ಆದ್ದರಿಂದ ಗ್ರಾಹಕ ಕಾನೂನು ಅನ್ವಯಿಸುತ್ತದೆ. ‘ಏನಾದರೂ ಆದರೆ ನಾವು ಜವಾಬ್ದಾರರಲ್ಲ’ ಎಂದು ಪೋಷಕರಿಂದ ಸಹಿ ಹಾಕಿಸಿಕೊಂಡ ಕಾಗದ ನಿರ್ಲಕ್ಷ್ಯ ಸಾಬೀತಾದಾಗ ಕಾಪಾಡುವುದಿಲ್ಲ. ಕೆಲವು ಕಂಪನಿಗಳು ಮನೆಗೆ ಕೊಡುವ ಪ್ಯಾಕೇಜಿನಲ್ಲಿ ‘ಪಬ್ಲಿಕ್ ಲಯಬಿಲಿಟಿ’ ಎಂಬ ಭಾಗ ಇರುತ್ತದೆ. ಅದನ್ನು ನೋಡಿ ಸಮಾಧಾನಪಡಬೇಡಿ. ವ್ಯಾಪಾರ, ವೃತ್ತಿಯಿಂದ ಬರುವ ಹೊಣೆಯನ್ನು ಸಾಮಾನ್ಯವಾಗಿ ಅದೇ ಭಾಗದ ಕೆಳಗೆ ಸಣ್ಣಕ್ಷರದಲ್ಲಿ ಹೊರಗಿಟ್ಟಿರುತ್ತಾರೆ.

ನಿಮಗೆ ಬೇಕಾದದ್ದು ಡೇ ಕೇರ್ ಹೆಸರಿನಲ್ಲೇ ಒಂದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಅದರಲ್ಲಿ ಎರಡು ಮೊತ್ತ ಇರುತ್ತವೆ: ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು. ವಕೀಲರ ಖರ್ಚು ಈ ಮೊತ್ತದೊಳಗೋ ಹೊರಗೋ ಕೇಳಿ. ಊಟ, ಹಾಲು ನೀವೇ ಕೊಡುತ್ತಿದ್ದರೆ ಆಹಾರದಿಂದಾದ ತೊಂದರೆ ಸೇರಿದೆಯೇ ಕೇಳಿ. ಎಷ್ಟೋ ಕಡೆ ಅದನ್ನು ಬೇರೆ ಸೇರಿಸಬೇಕಾಗುತ್ತದೆ. ಮಕ್ಕಳನ್ನು ನಿಮ್ಮ ಬಿಳಿ ಬೋರ್ಡ್ ಕಾರಿನಲ್ಲಿ ಕರೆದುಕೊಂಡು ಬಂದು ಅದಕ್ಕೂ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಿ. ಈ ಪಾಲಿಸಿ ವಾಹನಕ್ಕೆ ಬರುವುದಿಲ್ಲ, ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಬರುವುದಿಲ್ಲ.

ಹಾಜರಿ ಪುಸ್ತಕ ಈ ಪಾಲಿಸಿಯ ಜೀವ. ಪಾಲಿಸಿಯಲ್ಲಿ 8 ಮಕ್ಕಳು, ಘಟನೆಯ ದಿನ ಮನೆಯಲ್ಲಿ 13 ಮಕ್ಕಳು ಎಂದಾದರೆ ಕಂಪನಿ ಕೈ ಎತ್ತಬಹುದು. ಬಂದ ಸಮಯ, ಹೋದ ಸಮಯ, ಕರೆದುಕೊಂಡು ಹೋದವರ ಸಹಿ ದಿನಾ ಬೇಕು. ಇನ್ನೊಂದು ಪುಸ್ತಕದಲ್ಲಿ ಸಣ್ಣ ತರಚು ಗಾಯವನ್ನೂ ಬರೆಯಿರಿ, ಸಂಜೆ ಪೋಷಕರಿಗೆ ತೋರಿಸಿ ಸಹಿ ಪಡೆಯಿರಿ.

ಮಕ್ಕಳಿಗೆ ಗುಂಪು ಅಪಘಾತ ವಿಮೆಯನ್ನೂ ಮಾಡಿಸಬಹುದು. ಆಸ್ಪತ್ರೆ ಖರ್ಚಿನ ಭಾಗ ಸೇರಿಸಿದ್ದರೆ ತಪ್ಪು ಯಾರದು ಎಂಬ ವಾದವಿಲ್ಲದೆ ದುಡ್ಡು ಬರುತ್ತದೆ, ಪೋಷಕರ ಮನಸ್ಸೂ ಕೆಡುವುದಿಲ್ಲ. ಸಹಾಯಕಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಬ್ಯಾಂಕಿನಲ್ಲಿ ಫಾರ್ಮ್ ಕೊಟ್ಟರೆ ಆಯಿತು. ಅವರು ಕೆಲಸದಲ್ಲಿ ಗಾಯಗೊಂಡರೆ ನಿಮ್ಮ ಮೇಲೆ ಬರುವ ಹೊಣೆ ಬೇರೆ, ಅದಕ್ಕೆ ನೌಕರರ ಪರಿಹಾರದ ಪಾಲಿಸಿಯೇ ಬೇಕು.

ಬೆಲೆ ಕೇಳುವಾಗ ಕನಿಷ್ಠ ಮೂರು ಕಡೆ ಕೇಳಿ, ಒಂದೇ ಅಳತೆ, ಒಂದೇ ವಿಮಾ ಮೊತ್ತ, ಒಂದೇ ಮಕ್ಕಳ ಸಂಖ್ಯೆ ಕೊಟ್ಟು. ಏಜೆಂಟರು ಮನೆ, ವಾಹನದಂಥ ಸಾಮಾನ್ಯ ವಿಮೆಯಲ್ಲಿ ಒಂದೇ ಕಂಪನಿಯವರು, ಬ್ರೋಕರ್ ಆದರೆ ಹಲವು ಕಂಪನಿಯ ದರ ತಂದುಕೊಡುತ್ತಾರೆ. ಲಯಬಿಲಿಟಿ ಪಾಲಿಸಿ ಆನ್‌ಲೈನ್‌ನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಸರ್ಕಾರಿ ಕಂಪನಿಗಳ ಹತ್ತಿರದ ಕಚೇರಿಗೆ ಕಾಗದ ಹಿಡಿದು ಹೋಗುವುದೇ ಒಳ್ಳೆಯದು. ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆಯೇ ಕೇಳಿ. ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆ ಎನ್ನುವವರಿಂದ ದೂರವಿರಿ, 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಅದು ಅಪರಾಧ. ದುಡ್ಡು ಉಳಿಸಲೇಬೇಕೆಂದರೆ ಒಡವೆಯ ರಕ್ಷಣೆ ಬಿಡಿ, ಒಡವೆ ಲಾಕರಿನಲ್ಲಿಡಿ. ಲಯಬಿಲಿಟಿ ಮಾತ್ರ ಬಿಡಬೇಡಿ.

ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮೆಯ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. 50 ಲಕ್ಷದವರೆಗಿನ ಪರಿಹಾರ, ಶುಲ್ಕವಿಲ್ಲ, ವಕೀಲರೂ ಬೇಡ.

ಇನ್ನು ಸಮಯ. ಪ್ರೀಮಿಯಂ ಸೇರುವ ತನಕ ಕಂಪನಿಗೆ ಯಾವ ಹೊಣೆಯೂ ಇಲ್ಲ, ಹಾಗಾಗಿ ಜೂನ್ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಪಾಲಿಸಿ ಶುರುವಾಗಲಿ. ಅದೇ ವಾರ ಒಂದು ಮಧ್ಯಾಹ್ನ ಮಕ್ಕಳು ಮಲಗಿರುವಾಗ ಮೊಬೈಲ್ ಹಿಡಿದು ಒಂದೊಂದೇ ಕೋಣೆ ಸುತ್ತಿ ವಿಡಿಯೋ ಮಾಡಿ: ಚಾವಣಿ, ನಾಲ್ಕು ಗೋಡೆ, ಬೀರುವಿನ ಒಳಗು, ಫ್ರಿಡ್ಜಿನ ಹಿಂದಿನ ನಂಬರು, ಹಿತ್ತಲಿನ ಮರ. ಇ-ಖಾತೆ, ಕಂದಾಯದ ರಸೀದಿ, ಬಿಲ್ಲುಗಳ ಫೋಟೋ ಜೊತೆ ಅದನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ನೀರು ನುಗ್ಗಿದ ದಿನ ಫೋನು ಹೋದರೂ ಅಲ್ಲಿ ಉಳಿದಿರುತ್ತದೆ.