ಹಳದಿಯೋ ಬಿಳಿಯೋ

ಮಗ ಹುಟ್ಟಿದ ಇಪ್ಪತ್ತಾರನೇ ದಿನ ನಾನೂ ನನ್ನವರೂ ಒಂದು ಡಯಾಪರ್ ಬಿಚ್ಚಿಟ್ಟುಕೊಂಡು ಜಗಳವಾಡಿದೆವು. 'ತಿಳಿ ಹಳದಿ ಕಣೇ, ಸುಮ್ನೆ ಗಾಬರಿಯಾಗ್ತೀಯ' ಅಂತ ಅವರು. ನನಗೆ ಕಾಣುತ್ತಿದ್ದದ್ದು ಒಣಗಿದ ಜೇಡಿಮಣ್ಣು. ಬಲ್ಬಿನ ಬೆಳಕಲ್ಲಿ ಅವರ ಮಾತೇ ಸರಿ ಅನ್ನಿಸುತ್ತಿತ್ತು, ಕಿಟಕಿ ಹತ್ತಿರ ಒಯ್ದರೆ ನನ್ನದು. ಮೊದಲನೇ ಕೂಸು ಬೇರೆ. ಕಕ್ಕದ ಸರಿಯಾದ ಬಣ್ಣ ಯಾವುದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಕಾಮಾಲೆ ಕಂಡಾಗ ರಕ್ತ ಪರೀಕ್ಷೆ ಮಾಡಿ, 'ಅಂಥ ಜಾಸ್ತಿಯೇನಿಲ್ಲ' ಅಂದಿದ್ದರು. ಮೂರನೇ ವಾರ ಹೋದಾಗ, ಎದೆಹಾಲಿನ ಕಾಮಾಲೆ, ತಾನೇ ಇಳಿಯುತ್ತೆ ಅಂದರು. ಎಷ್ಟೋ ಮಕ್ಕಳಲ್ಲಿ ಅದು ನಿಜವೇ. ನಮ್ಮವನೂ ಹಾಲು ಕುಡಿಯುತ್ತಿದ್ದ, ಮೈ ಕೈ ತುಂಬಿಕೊಳ್ಳುತ್ತಿದ್ದ.

ಜಗಳ ಬಗೆಹರಿಯದೆ ಡಯಾಪರನ್ನೇ ಕಟ್ಟಿಕೊಂಡು ಬೇರೆ ಡಾಕ್ಟರ ಹತ್ತಿರ ಹೋದೆವು. ಆಕೆ ಅದನ್ನು ನೋಡಿ, ಹಳೇ ರಿಪೋರ್ಟು ತಿರುವಿ, 'ಇದರಲ್ಲಿ ಒಟ್ಟು ಬಿಲಿರುಬಿನ್ ಮಾತ್ರ ಇದೆಯಲ್ಲಮ್ಮಾ, ಡೈರೆಕ್ಟ್ ಎಷ್ಟು ಅಂತ ನೋಡೇ ಇಲ್ಲ' ಅಂದರು. ಬಿಲಿರುಬಿನ್ ಅಂದರೆ ಕಾಮಾಲೆಯಲ್ಲಿ ಮೈ ಹಳದಿ ಮಾಡುವ ಬಣ್ಣ. ಅದರಲ್ಲಿ ಎರಡು ಬಗೆ: ಲಿವರ್ ಇನ್ನೂ ಸಂಸ್ಕರಿಸದ್ದು ಇನ್‌ಡೈರೆಕ್ಟ್, ಸಂಸ್ಕರಿಸಿದ್ದು ಡೈರೆಕ್ಟ್. ಹಸುಗೂಸುಗಳ ಮಾಮೂಲಿ ಕಾಮಾಲೆಯಲ್ಲಿ ಏರುವುದು ಇನ್‌ಡೈರೆಕ್ಟ್. ಡೈರೆಕ್ಟ್ ಏರಿದರೆ ಲಿವರಿಗೆ ಏನೋ ಆಗಿದೆ, ಬಹುಶಃ ಪಿತ್ತ ಇಳಿಯಲು ದಾರಿ ಸಿಗುತ್ತಿಲ್ಲ ಅಂತ ಅರ್ಥ. ಕಕ್ಕಕ್ಕೆ ಬಣ್ಣ ಕೊಡುವುದೇ ಪಿತ್ತ. ಕರುಳಿಗೆ ಇಳಿಯದ್ದು ಉಚ್ಚೆಗೆ ಸೇರಿ ಬಟ್ಟೆ ಮೇಲೆ ಕಡುಹಳದಿ ಕಲೆ ಬಿಡುತ್ತದೆ. ಆ ಕಲೆಯನ್ನು ನಾನು ದಿನಾ ತಿಕ್ಕಿ ತೊಳೆಯುತ್ತಿದ್ದೆ!

ಸ್ಕ್ಯಾನು, ಬಯಾಪ್ಸಿ ಎಲ್ಲ ಮುಗಿದ ಮೇಲೆ ಹೆಸರು ಸಿಕ್ಕಿತು: ಬಿಲಿಯರಿ ಅಟ್ರೇಸಿಯಾ. ಪಿತ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುವ ಕಾಯಿಲೆ. ಜಪಾನಿನ ಮೋರಿಯೊ ಕಸಾಯ್ 1950ರ ದಶಕದಲ್ಲಿ ಕಂಡುಕೊಂಡ ಆಪರೇಷನ್ನೇ ಇವತ್ತಿಗೂ ಮೊದಲ ದಾರಿ. ಕೆಟ್ಟ ನಾಳ ತೆಗೆದು ಕರುಳನ್ನೇ ಲಿವರಿಗೆ ಹೊಲಿಯುತ್ತಾರೆ. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಂಭವ ಹೆಚ್ಚು. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ.

ಆಸ್ಪತ್ರೆಯಲ್ಲಿ ನಿದ್ದೆ ಬಾರದ ರಾತ್ರಿ ಓದಿದೆ: ತೈವಾನಿನಲ್ಲಿ 2004ರಿಂದ ಹುಟ್ಟಿದ ಮಕ್ಕಳಿಗೆಲ್ಲ ಆರೋಗ್ಯ ಪುಸ್ತಕದ ಜೊತೆ ಕಕ್ಕದ ಬಣ್ಣಗಳ ಒಂದು ಕಾರ್ಡು ಕೊಡುತ್ತಾರಂತೆ. ತಾಯಂದಿರು ಹೋಲಿಸಿ ನೋಡಿದರಾಯಿತು. ಒಂದು ಕಾರ್ಡು! ನಾವೋ ಬಲ್ಬಿಗೂ ಕಿಟಕಿಗೂ ಓಡಾಡಿದವರು. ಯಾರ ಮೇಲೆ ಅಂತ ಗೊತ್ತಿಲ್ಲದೆಯೇ ಸಿಟ್ಟು ಬಂತು.

ಮೂವತ್ತೆಂಟನೇ ದಿನ ಆಪರೇಷನ್ ಆಯಿತು. ಅದಾಗಿ ಎಂಟನೇ ದಿನ ಬೆಳಗಿನ ಜಾವ ಡಯಾಪರ್ ಬಿಚ್ಚಿದರೆ ಹಸಿರು. ಪಾಚಿಯಂಥ ಕಡು ಹಸಿರು. ಮಲಗಿದ್ದವರನ್ನು ಅಲುಗಾಡಿಸಿ ಎಬ್ಬಿಸಿದೆ. ಇವರು ಕಣ್ಣುಜ್ಜಿಕೊಂಡು ನೋಡಿ, ಮೂಗು ಮುಚ್ಚಿಕೊಳ್ಳುವುದನ್ನೂ ಮರೆತು ಅತ್ತರು.

ಈಗವನಿಗೆ ನಾಲ್ಕು. ಮುಂದೆ ಯಾವಾಗಲಾದರೂ ಲಿವರ್ ಕಸಿ ಬೇಕಾಗಬಹುದು ಅಂದಿದ್ದಾರೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಓಡುತ್ತೇವೆ. ಅವನು ನೀರು ಬಿಡುವ ಮುಂಚೆ ನಾನೊಮ್ಮೆ ಇಣುಕುವುದು ಇನ್ನೂ ನಿಂತಿಲ್ಲ. 'ಅಮ್ಮಾ, ಹೋಗು!' ಅಂತ ಬಾಗಿಲು ದೂಡುತ್ತಾನೆ.