ಡಿಸೈನ್ ಕಲಿಸೋ ಟ್ಯೂಟರ್ ಮಾದರಿ ಉತ್ತರಕ್ಕೆ ಅಂಟಿಕೊಂಡ್ರೆ ಕಷ್ಟ

ನಮ್ಮ ಕಂಪನಿಗೆ ಸೇರುವ ಫ್ರೆಶರ್‌ಗಳಿಗೆ ಕ್ಲಾಸ್ ಡಯಾಗ್ರಮ್ ಬಿಡಿಸೋದನ್ನು ಕಲಿಸುವ ಟ್ಯೂಟರ್ ಸಾಫ್ಟ್‌ವೇರ್ ಒಂದಿದೆ. ಅದನ್ನು ನೋಡಿಕೊಳ್ಳುವ ಟೀಮಿನಲ್ಲಿ ನಾನಿದ್ದೇನೆ. ಕ್ಲಾಸ್ ಡಯಾಗ್ರಮ್ ಅಂದರೆ ಪ್ರೋಗ್ರಾಮಿನಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ (ಅವೇ ಕ್ಲಾಸ್‌ಗಳು), ಒಂದೊಂದರಲ್ಲಿ ಏನೇನು ಮಾಹಿತಿ ಇದೆ, ಒಂದಕ್ಕೊಂದು ಏನು ಸಂಬಂಧ ಅನ್ನೋದನ್ನು ಡಬ್ಬಿ, ಗೆರೆಗಳಲ್ಲಿ ತೋರಿಸೋ ಚಿತ್ರ. ಕೋಡ್ ಆದರೆ ಓಡಿಸಿ ನೋಡಬಹುದು, ಟೆಸ್ಟ್ ಪಾಸಾಯ್ತಾ ಇಲ್ವಾ ಅಂತ ತಕ್ಷಣ ಗೊತ್ತಾಗುತ್ತೆ. ಡಯಾಗ್ರಮ್ಮನ್ನು ಎಲ್ಲಿ ಓಡಿಸ್ತೀರಿ? ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯೋ ಉಪಾಯ, ಸೀನಿಯರ್ ಒಬ್ಬರಿಂದ ಮಾದರಿ ಉತ್ತರ ಬರೆಸಿಟ್ಟು ಅದಕ್ಕೆ ಹೋಲಿಸಿ ಮಾರ್ಕ್ಸ್ ಕೊಡೋದು. ಆದರೆ ನಾಲ್ಕು ಸೀನಿಯರ್‌ಗಳನ್ನು ಕೂರಿಸಿದರೆ ನಾಲ್ಕು ಡಯಾಗ್ರಮ್ ಬರುತ್ತೆ, ನಾಲ್ಕೂ ಸರಿ ಇರಬಹುದು!

ಇದಕ್ಕೆ ದಾರಿ ಹಳೆಯದೇ ಇದೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲಿ ಆಂತೊನಿಯಾ ಮಿತ್ರೋವಿಚ್ ಅವರ ತಂಡ ಮೊದಲು ಡೇಟಾಬೇಸ್ ಭಾಷೆ ಎಸ್‌ಕ್ಯುಎಲ್ ಕಲಿಸೋ ಎಸ್‌ಕ್ಯುಎಲ್-ಟ್ಯೂಟರ್, ಆಮೇಲೆ ಕ್ಲಾಸ್ ಡಯಾಗ್ರಮ್ಮಿಗೆಂದೇ ಕಲೆಕ್ಟ್-ಯುಎಂಎಲ್ ಕಟ್ಟಿತು. ಇವುಗಳ ಹಿಂದಿರುವ ಯೋಚನೆ ಮನಶ್ಶಾಸ್ತ್ರಜ್ಞ ಸ್ಟೆಲನ್ ಓಲ್ಸನ್ ಅವರದು: ಸರಿ ಉತ್ತರ ಯಾವುದೇ ಇರಲಿ, ಅದು ಮುರಿಯಬಾರದ ನಿಯಮಗಳನ್ನು ಬರೆದಿಡಿ. ಪ್ರತಿ ನಿಯಮಕ್ಕೂ ಎರಡು ಭಾಗ. ಇದು ಯಾವಾಗ ಅನ್ವಯಿಸುತ್ತೆ, ಅನ್ವಯಿಸಿದಾಗ ಏನು ನಿಜ ಆಗಿರಬೇಕು. ಯಾವ ನಿಯಮವೂ ಮುರಿಯದಿದ್ದರೆ ಟ್ಯೂಟರ್ ಸುಮ್ನಿರುತ್ತೆ. ಮಾದರಿ ಉತ್ತರ ಅಲ್ಲೂ ಇರುತ್ತೆ, ಆದರೆ ಅದನ್ನು ಈ ನಿಯಮಗಳ ಮೂಲಕವೇ ನೋಡೋದು.

ನಮ್ಮಲ್ಲಿ ಲೈಬ್ರರಿಗೆ ಡಯಾಗ್ರಮ್ ಬಿಡಿಸೋ ಪ್ರಶ್ನೆ ಒಂದಿದೆ. ತುಂಬಾ ಜನ 'ಪುಸ್ತಕ' ಅಂತ ಒಂದೇ ಕ್ಲಾಸ್ ಮಾಡಿ, ಅದು ಯಾರ ಹತ್ತಿರ ಇದೆ ಅನ್ನೋದನ್ನೂ ಅದರೊಳಗೇ ಹಾಕುತ್ತಾರೆ. "'ಪ್ರತಿ' ಎಂಬ ಕ್ಲಾಸ್ ಬಿಟ್ಟುಹೋಗಿದೆ" ಅಂತ ಹೇಳಿದರೆ ಅದೊಂದು ಡಬ್ಬಿ ಸೇರಿಸಿ ಮುಂದೆ ಹೋಗುತ್ತಾರೆ, ತಲೆಗೆ ಏನೂ ಹತ್ತಿರಲ್ಲ. ಈಗ ಟ್ಯೂಟರ್ ಕೇಳೋದು ಹೀಗೆ: "ಒಂದೇ ಪುಸ್ತಕದ ಎರಡು ಪ್ರತಿಗಳನ್ನು ಇಬ್ಬರು ತಗೊಂಡು ಹೋದರು. ಇಬ್ಬರ ಹೆಸರನ್ನೂ ಎಲ್ಲಿ ಬರೀತೀರಿ?" ಕೆಲವರು ಇಲ್ಲಿ 'ಸಾಲ' (ಪುಸ್ತಕ ಎರವಲು ಪಡೆದದ್ದು) ಅಂತ ಬೇರೆ ಕ್ಲಾಸ್ ಮಾಡಿ ಪ್ರತಿಗೆ ಜೋಡಿಸುತ್ತಾರೆ, ಕೆಲವರು ಪ್ರತಿಯನ್ನೇ ಸದಸ್ಯನಿಗೆ ಕಟ್ಟುತ್ತಾರೆ. ಹಳೆಯ ಸಾಲದ ದಾಖಲೆ ಬೇಕು ಅಂತ ಪ್ರಶ್ನೆಯಲ್ಲಿ ಇಲ್ಲದಿದ್ದರೆ ಎರಡನ್ನೂ ಒಪ್ಪುತ್ತೇವೆ.

ಹೆಸರಿನದ್ದು ಇನ್ನೊಂದು ತಲೆನೋವು. ಒಬ್ಬರು 'ಸದಸ್ಯ' ಅಂದರೆ ಇನ್ನೊಬ್ಬರು 'ಓದುಗ' ಅಂತಾರೆ. ಕಲೆಕ್ಟ್-ಯುಎಂಎಲ್‌ನಲ್ಲಿದ್ದ ಉಪಾಯವನ್ನೇ ತಗೊಂಡೆವು. ಪ್ರಶ್ನೆಯಲ್ಲಿರುವ ಪದವನ್ನು ಆರಿಸಿಯೇ ಹೆಸರು ಕೊಡಬೇಕು. ಗೊಣಗಾಟ ಇದೆ, ಆದರೆ ಕೆಲಸ ನಡೆಯುತ್ತೆ.

ಸಿಕ್ಕಿಹಾಕಿಕೊಂಡವರಿಗೆ ಟ್ಯೂಟರ್ ಒಂದರ ನಂತರ ಒಂದು ಸುಳಿವು ಕೊಡುತ್ತೆ. ಈ ಸುಳಿವಿನ ವಿಷಯದಲ್ಲಿ ಮಾತ್ರ ಹುಡುಗರು ನಮಗಿಂತ ಚುರುಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಿನ್ಸೆಂಟ್ ಅಲೆವೆನ್, ಕೆನೆತ್ ಕೋಡಿಂಗರ್ ಇದನ್ನು ಬಹಳ ಹಿಂದೆಯೇ ನೋಡಿದ್ದರು: ಮಧ್ಯದ ಸುಳಿವು ಓದದೆ ಪಟಪಟ ಒತ್ತುತ್ತಾ ಉತ್ತರ ಹೇಳಿಬಿಡುವ ಕೊನೇ ಸುಳಿವಿಗೆ ಹೋಗೋದು. ಯಾರು ಯಾವಾಗ ಏನು ಒತ್ತಿದರು ಅಂತ ದಾಖಲಾಗುವ ನಮ್ಮ ಲಾಗ್‌ನಲ್ಲೂ ಅದೇ ಕಥೆ. ಡಯಾಗ್ರಮ್ ಬದಲಾಯಿಸದೆ ಮುಂದಿನ ಸುಳಿವು ತೆರೆಯದ ಹಾಗೆ ಮಾಡಿದೆವು. ಡಬ್ಬಿಯನ್ನು ಒಂಚೂರು ಪಕ್ಕಕ್ಕೆ ಎಳೆದು ಒತ್ತೋಕೆ ಶುರು ಮಾಡಿದರು! ಈಗ ಕ್ಲಾಸ್, ಅದರೊಳಗಿನ ಫೀಲ್ಡ್ (ಮಾಹಿತಿಯ ಸಾಲು) ಅಥವಾ ಸಂಬಂಧದ ಗೆರೆ ಬದಲಾದರೆ ಮಾತ್ರ ಲೆಕ್ಕ.

ನಿಯಮಕ್ಕೆ ಸಿಗದೇ ಇರೋದೂ ಇದೆ. ಒಂದು ಕ್ಲಾಸಿಗೆ ಎಷ್ಟು ಕೆಲಸ ಕೊಟ್ಟರೆ ಜಾಸ್ತಿ ಅನ್ನೋದಕ್ಕೆ ಸಂಖ್ಯೆ ಇಡೋಕೆ ಆಗಲ್ಲ. ಅಂಥದ್ದು ಕಂಡರೆ ಟ್ಯೂಟರ್ ತಪ್ಪು ಅನ್ನೋದಿಲ್ಲ, ಗುರುತು ಹಾಕಿ ಸೀನಿಯರ್ ರಿವ್ಯೂಗೆ ಕಳಿಸುತ್ತೆ.