ಮನೆಯವರು ಹೇಗೆ ಬಿಟ್ಟರು?

ಮುಂಬೈನ ಮಾಟುಂಗಾದ ನಮ್ಮ ಮನೆಯಲ್ಲಿ ಒಂದು ಹಳೇ ಗ್ರಾಮಫೋನ್ ಇದೆ. ತಿಂಗಳಿಗೊಂದು ಭಾನುವಾರ ಹತ್ತು ಹದಿನೈದು ಜನ ಕನ್ನಡದವರು ಸೇರಿ ಪ್ಲೇಟು ಹಾಕಿ ಕೇಳುತ್ತೇವೆ. ಎಲ್ಲ ಹಳೇ ಕಾಲದ ಹಿಂದೂಸ್ತಾನಿ ಗಾಯಕಿಯರು: ಕೇಸರಬಾಯಿ ಕೇರ್ಕರ್, ಹೀರಾಬಾಯಿ ಬಡೋದೇಕರ್, ನಮ್ಮ ಗಂಗೂಬಾಯಿ ಹಾನಗಲ್. ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಅಂಥ ಕಾಲದಲ್ಲಿ ಹೆಣ್ಣುಮಕ್ಕಳನ್ನ ಹಾಡೋಕೆ ಮನೆಯವರು ಹೇಗೆ ಬಿಟ್ಟರು?’

ನನ್ನ ಅಜ್ಜಿಯನ್ನಂತೂ ಬಿಡಲಿಲ್ಲ. ಹುಬ್ಬಳ್ಳಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಾ, ಪ್ಲೇಟಿನಲ್ಲಿ ಕೇಳಿದ್ದನ್ನು ಗುನುಗುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಚಪ್ಪಲಿ ಬಿಟ್ಟ ಸದ್ದಾದರೆ ಗಪ್ಪಾಗುತ್ತಿದ್ದಳು. ಮರ್ಯಾದಸ್ಥರ ಮನೆ ಅಂದರೆ ಹಾಗೇ ಇರುತ್ತಿತ್ತು.

ಹಾಡಿ ಹೆಸರು ಮಾಡಿದವರಲ್ಲಿ ತುಂಬಾ ಜನ ಬೇರೆ ಥರದ ಮನೆಗಳಿಂದ ಬಂದವರು. ಗೋವಾದ ದೇವಸ್ಥಾನಗಳ ಸೇವೆಯಲ್ಲಿದ್ದ ಕಲಾವಂತ ಕುಟುಂಬಗಳಲ್ಲಿ ಹಾಡು ತಾಯಿಯಿಂದ ಮಗಳಿಗೆ ಬರುತ್ತಿತ್ತು. ಮನೆ ನಡೆಯುತ್ತಿದ್ದದ್ದೇ ಅದರಿಂದ. ಅಲ್ಲಿ ‘ಬಿಡುವ’ ಮಾತೇ ಇರಲಿಲ್ಲ. ಅವರ ಹಾಡು ಬೇಕಾಗಿದ್ದ ಊರಿಗೆ ಅವರು ಮಾತ್ರ ಬೇಡವಾಗಿದ್ದರು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೋಗೂಬಾಯಿ ಕುರ್ಡೀಕರ್ ಅವರನ್ನೇ ನೋಡಿ. ಹುಟ್ಟಿದ್ದು 1904ರಲ್ಲಿ, ಗೋವಾದ ಕುರ್ಡಿಯಲ್ಲಿ. ತಾಯಿಯೇ ಕೈ ಹಿಡಿದು ಕರೆದುಕೊಂಡು ಹೋಗಿ ನಾಟಕ ಕಂಪನಿಗೆ ಸೇರಿಸಿದರು. ಸ್ವಲ್ಪ ಕಾಲದಲ್ಲೇ ಆ ತಾಯಿ ತೀರಿಕೊಂಡರು. ಮುಂದೆ ಸಾಂಗ್ಲಿಯಲ್ಲಿ, ಆ ಕಾಲದ ದೊಡ್ಡ ಗವಾಯಿ ಅಲ್ಲಾದಿಯಾ ಖಾನರು ಹುಡುಗಿಯ ದನಿ ಕೇಳಿ ಪಾಠ ಶುರು ಮಾಡಿದರು. ಖಾನರು ಮುಂಬೈಗೆ ಬಂದಾಗ ಈಕೆಯೂ ಹಿಂದೆಯೇ ಬಂದರು. ಆದರೆ ಇಲ್ಲಿ ಆ ಪಾಠ ನಿಂತುಹೋಯಿತು. ಸುಮ್ನೆ ಕೂರಲಿಲ್ಲ. ಆಗ್ರಾ ಘರಾಣೆಯವರ, ಅಂದರೆ ಆಗ್ರಾದ ಹಾಡಿಕೆಯ ಪರಂಪರೆಯವರ ಬಳಿ ಕಲಿತರು, ಖಾನರ ತಮ್ಮ ಹೈದರ್ ಖಾನರ ಬಳಿ ಕಲಿತರು. ಕೊನೆಗೆ 1934ರಲ್ಲಿ ಅಲ್ಲಾದಿಯಾ ಖಾನರಿಂದಲೇ ಗಂಡಾ ಕಟ್ಟಿಸಿಕೊಂಡರು. ಗುರು ಶಿಷ್ಯರ ಕೈಗೆ ಕಟ್ಟುವ ದಾರ ಅದು. ಆಗ ಅವರಿಗೆ ಮೂವತ್ತು ವರ್ಷ, ಮಗಳು ಕಿಶೋರಿ ಇನ್ನೂ ಎಳೆ ಮಗು. ಒಂದು ದಾರಕ್ಕಾಗಿ ಅಷ್ಟು ವರ್ಷ! ಆ ಮಗುವೇ ಮುಂದೆ ಹೆಸರಾಂತ ಗಾಯಕಿ ಕಿಶೋರಿ ಅಮೋಣಕರ್ ಆದದ್ದು.

ಕೇಸರಬಾಯಿಯವರದ್ದೂ ಹೀಗೇ. ಹಲವು ಗುರುಗಳನ್ನು ದಾಟಿ 1921ರಲ್ಲಿ ಅಲ್ಲಾದಿಯಾ ಖಾನರ ಶಿಷ್ಯೆಯಾದರು. 1946ರಲ್ಲಿ ಗುರು ತೀರಿಕೊಳ್ಳುವವರೆಗೂ ಕಲಿತರು. ಇಪ್ಪತ್ತೈದು ವರ್ಷ!

ಹೀರಾಬಾಯಿಯವರು ಟಿಕೆಟ್ ಇಟ್ಟು ಕಛೇರಿ ಮಾಡಿದ ಮೊದಲ ಹೆಂಗಸರಲ್ಲಿ ಒಬ್ಬರು. ಇದು ಸಣ್ಣ ಸಂಗತಿಯಲ್ಲ. ಸಾಹುಕಾರರ ದಿವಾನಖಾನೆಯಲ್ಲಿ ಹಾಡಿದರೆ ಅವರ ಮರ್ಜಿ ಕಾಯಬೇಕು. ಟಿಕೆಟ್ ತೆಗೆದವನು ಸಾಲಿನಲ್ಲಿ ಕೂತು ಕೇಳುತ್ತಾನೆ, ಹೆಂಡತಿ ಮಕ್ಕಳನ್ನೂ ಕರೆತರುತ್ತಾನೆ.

ಇನ್ನು ಪ್ಲೇಟು. ಒಂದು ಬದಿಗೆ ಮೂರು ನಿಮಿಷದ ಆಸುಪಾಸು, ಅಷ್ಟೇ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಹಿಡಿದಿಡಬೇಕು. ಗಂಗೂಬಾಯಿಯವರು ಮುಂಬೈಗೆ ಬಂದು ಎಚ್.ಎಂ.ವಿ. ಎಂಬ ಪ್ಲೇಟು ಕಂಪನಿಗೆ ಹಾಡಿದಾಗ ಪ್ಲೇಟಿನ ಮೇಲೆ ಬಂದ ಹೆಸರು ಗಾಂಧಾರಿ. ಅವರಿದ್ದದ್ದು ಅಜ್ಜಿಯ ಊರಲ್ಲೇ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದರು. ಬೀದಿಯಲ್ಲಿ ಜನ ಆಡಿಕೊಂಡು ನಗುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗೆ ನಕ್ಕವರ ಮನೆಗಳಲ್ಲೂ ಅವರ ಪ್ಲೇಟು ಇತ್ತು. ನಮ್ಮ ಮನೆಯಲ್ಲೂ ಇತ್ತು. ಅವರನ್ನು ಒಂದು ದಿನವೂ ಒಳಗೆ ಕರೆದು ಚಹಾ ಕೊಡದ ಮನೆಯಲ್ಲಿ, ಅವರ ಹಾಡು ಅಡುಗೆಮನೆವರೆಗೂ ಬಂದಿತ್ತು.

ಅಜ್ಜಿಯ ಆ ಪ್ಲೇಟು ಈಗ ನನ್ನ ಹತ್ತಿರ ಇದೆ. ಅಂಚು ಒಡೆದಿದೆ, ಕರಕರ ಸದ್ದು ಜಾಸ್ತಿ. ಆದರೂ ನಡುವೆ ಒಂದು ತಾನ್, ಸ್ವರಗಳ ಆ ವೇಗದ ಓಟ, ಚೆನ್ನಾಗಿ ಕೇಳುತ್ತದೆ. ಮುಂದಿನ ಭಾನುವಾರ ಹಾಕುತ್ತೇನೆ, ಬನ್ನಿ.